ಲಿನಕ್ಸ್ ಹಾಕಿದ್ಮೇಲೆ ನೆಟ್ ಬರ್ತಿಲ್ವಾ? ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋದು ಹೀಗೆ

ಹೊಸದಾಗಿ ಲಿನಕ್ಸ್ ಹಾಕ್ಕೊಂಡೋರಿಂದ ಬರೋ ಫೋನು ಹೆಚ್ಚುಕಮ್ಮಿ ಹೀಗೇ ಇರತ್ತೆ, "ಅಣ್ಣಾ ಎಲ್ಲಾ ಸಕ್ಕತ್ತಾಗಿ ಬಂತು, ಆದ್ರೆ ವೈಫೈ ಅನ್ನೋ ಆಪ್ಷನ್ನೇ ಇಲ್ಲ". ಏನೇನ್ ಮಾಡ್ದೆ ಅಂತ ಕೇಳಿದ್ರೆ ಉತ್ತರನೂ ಒಂದೇ, ಫೋನಲ್ಲಿ ಹುಡುಕಿ ಸಿಕ್ಕ ಸಿಕ್ಕ ಕಮಾಂಡೆಲ್ಲ ಹೊಡ್ದಿರ್ತಾರೆ, ಯಾವ್ದೋ ಡ್ರೈವರ್ ಕಂಪೈಲ್ ಮಾಡೋಕೆ (ಸೋರ್ಸ್ ಕೋಡಿಂದ ತಾವೇ ಕಟ್ಟೋಕೆ) ಹೋಗಿ ಅರ್ಧಕ್ಕೆ ನಿಂತಿರತ್ತೆ, ಇನ್ಯಾವ್ದೋ ಫೈಲಿಗೆ ಬ್ಲ್ಯಾಕ್‌ಲಿಸ್ಟ್ (ಈ ಡ್ರೈವರ್ ಬಳಸ್ಬೇಡ) ಅಂತ ಒಂದು ಲೈನ್ ಸೇರ್ಸಿರ್ತಾರೆ, ಈಗ ಮೊದ್ಲಿದ್ದ ತೊಂದ್ರೆ ಯಾವ್ದು ಇವ್ರೇ ತಂದ್ಕೊಂಡಿದ್ದು ಯಾವ್ದು ಅಂತಾನೇ ಗೊತ್ತಾಗಲ್ಲ.

ನೆಟ್ ಬರ್ಬೇಕಂದ್ರೆ ಒಳಗಡೆ ಕೆಲವು ಕೆಲಸ ಒಂದಾದ್ಮೇಲೆ ಒಂದು ಆಗ್ಬೇಕು. ಮಷೀನಿಗೆ ನೆಟ್‌ವರ್ಕ್ ಕಾರ್ಡ್ ಕಾಣ್ಬೇಕು, ಕರ್ನಲ್‌ನಲ್ಲಿರೋ (ಅಂದ್ರೆ ಲಿನಕ್ಸಿನ ಒಳತಿರುಳಲ್ಲಿರೋ) ಡ್ರೈವರ್, ಅಂದ್ರೆ ಕಾರ್ಡನ್ನ ನಡೆಸೋ ಪ್ರೋಗ್ರಾಂ, ಅದನ್ನ ಹಿಡ್ಕೋಬೇಕು, ಕಾರ್ಡಿಗೆ ಬೇಕಾದ ಫರ್ಮ್‌ವೇರ್ (ಕಾರ್ಡಿನೊಳಗೇ ಓಡೋ ಸಾಫ್ಟ್‌ವೇರ್) ಲೋಡ್ ಆಗ್ಬೇಕು, ವೈಫೈ ಆದ್ರೆ ರೇಡಿಯೋ ಆನ್ ಇರ್ಬೇಕು, ಕೇಬಲ್ ಆದ್ರೆ ಲಿಂಕ್ ಸಿಗ್ಬೇಕು, ಆಮೇಲೆ ಐಪಿ ಅಡ್ರೆಸ್, ಆಮೇಲೆ ಗೇಟ್‌ವೇ (ಹೊರಗಿನ ನೆಟ್ಟಿಗೆ ದಾರಿ, ಮನೇಲಾದ್ರೆ ರೂಟರು), ಕೊನೆಗೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ನಂಬರ್ ಹುಡುಕಿಕೊಡೋದು). ಇದ್ರಲ್ಲಿ ಮೊಟ್ಟಮೊದ್ಲು ಎಲ್ಲಿ ನಿಂತಿದೆ ಅಂತ ಕಂಡ್ಕೊಳಿ, ಅದಕ್ಕಿಂತ ಮುಂದಿಂದು ಯಾವ್ದನ್ನೂ ಮುಟ್ಬೇಡಿ. ಬಸ್ಸು ಮೆಜೆಸ್ಟಿಕ್ಕನ್ನೇ ಬಿಟ್ಟಿಲ್ಲ ಅಂದ್ರೆ ಬನಶಂಕರಿ ಸ್ಟಾಪಲ್ಲಿ ನಿಂತ್ಕೊಂಡು ಕಂಡಕ್ಟರ್‌ನ ಬೈದು ಏನ್ ಪ್ರಯೋಜನ. ಕಾರ್ಡಿಗೆ ಡ್ರೈವರೇ ಸಿಕ್ಕಿಲ್ಲ ಅಂದಾಗ ಡಿಎನ್‌ಎಸ್ ಬದಲಾಯಿಸೋದೂ ಅಷ್ಟೇ.

ಒಂದ್ ಮಾತು, ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಟರ್ಮಿನಲ್ ತೆಗ್ದು ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೀರಿ. ಉಬುಂಟು, ಮಿಂಟ್, ಡೆಬಿಯನ್ ಇಟ್ಕೊಂಡೋರನ್ನ ಮನಸ್ಸಲ್ಲಿಟ್ಕೊಂಡು ಬರೀತಿದೀನಿ, ಫೆಡೋರಾ ಆರ್ಚ್ ಅವ್ರಿಗೆ ಪ್ಯಾಕೇಜ್ (ಇನ್‌ಸ್ಟಾಲ್ ಮಾಡೋ ಸಾಫ್ಟ್‌ವೇರ್ ಕಟ್ಟು) ಹೆಸರು ಬೇರೆ ಇರತ್ತೆ, ಹುಡುಕೋ ದಾರಿ ಮಾತ್ರ ಇದೇ.

ಮೊದ್ಲು ತಾತ್ಕಾಲಿಕಕ್ಕೆ ನೆಟ್ ಮಾಡ್ಕೊಳಿ

ನೆಟ್ ಸರಿ ಮಾಡೋಕೆ ನೆಟ್ಟೇ ಬೇಕಲ್ಲಾ ಅಂತ ತಲೆ ಕೆಡಿಸ್ಕೋಬೇಡಿ. ಆಂಡ್ರಾಯ್ಡ್ ಫೋನನ್ನ ಯುಎಸ್‌ಬಿ ಕೇಬಲಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅಷ್ಟೇ. ಇದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲಿ ಮೊದ್ಲೇ ಇರತ್ತೆ, ವೈರ್ಡ್ ಕನೆಕ್ಷನ್ ಅಂತ ತಾನಾಗೇ ಬರತ್ತೆ. ಫೋನು ಮನೆ ವೈಫೈಗೆ ಸೇರಿದ್ರೆ ಬಹಳಷ್ಟು ಫೋನಲ್ಲಿ ಆ ವೈಫೈ ನೆಟ್ಟೇ ಲ್ಯಾಪ್‌ಟಾಪಿಗೂ ಹೋಗತ್ತೆ, ನಿಮ್ ಡೇಟಾ ಉಳಿಯತ್ತೆ. ಟೆದರಿಂಗ್ ಆಪ್ಷನ್ ಮಬ್ಬಾಗಿ ಕಾಣ್ತಿದ್ರೆ ಕೇಬಲ್ ಬದಲಾಯ್ಸಿ, ಫುಟ್‌ಪಾತಲ್ಲಿ ಸಿಗೋ ಎಷ್ಟೋ ಕೇಬಲ್ಲು ಬರೀ ಚಾರ್ಜಿಂಗಿಗೆ, ಡೇಟಾ ವೈರೇ ಇರಲ್ಲ ಒಳಗೆ.

ಕಾರ್ಡ್ ಕಾಣ್ತಿದ್ಯಾ

ಈಗ ಅಸಲಿ ಕೆಲಸ. ಟರ್ಮಿನಲ್ಲಲ್ಲಿ

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಅಂತ ಹೊಡೀರಿ. ಉದ್ದಕ್ಕೆ ಏನೇನೋ ಬರತ್ತೆ, ಅದ್ರಲ್ಲಿ ಈಥರ್ನೆಟ್ ಕಂಟ್ರೋಲರ್ ಅಂತ ಒಂದು, ನೆಟ್‌ವರ್ಕ್ ಕಂಟ್ರೋಲರ್ ಅಂತ ಒಂದು ಹುಡ್ಕಿ. ಆ ಲೈನಿನ ಕೊನೇಲಿ ಚೌಕ ಕಂಸದಲ್ಲಿ ಕೋಲನ್ ಹಾಕಿ ಎರಡು ನಂಬರ್ ಇರತ್ತೆ, ಉದಾಹರಣೆಗೆ 10ಇಸಿ:ಬಿ852. ಮೊದಲ್ನೇದು ಕಂಪನಿ, ಎರಡ್ನೇದು ಮಾಡೆಲ್. 10ಇಸಿ ಅಂದ್ರೆ ರಿಯಲ್‌ಟೆಕ್, 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್. ಈ ನಂಬರ್ ಒಂದು ಪೇಪರಲ್ಲಿ ಬರ್ದಿಟ್ಕೊಳಿ, ಇನ್ಮುಂದೆ ಹುಡುಕೋದೆಲ್ಲ ಇದೇ ನಂಬರ್ ಹಾಕಿ ಹುಡುಕ್ಬೇಕು. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ ಹುಡುಕಿದ್ರೆ ದಾರಿ ತಪ್ಪತ್ತೆ, ಯಾಕಂದ್ರೆ ಅದೇ ಮಾಡೆಲ್ಲಲ್ಲಿ ಒಂದು ಬ್ಯಾಚಿಗೆ ಇಂಟೆಲ್ ಕಾರ್ಡು ಇನ್ನೊಂದು ಬ್ಯಾಚಿಗೆ ರಿಯಲ್‌ಟೆಕ್ ಹಾಕಿರೋದು ಮಾಮೂಲಿ.

ಯುಎಸ್‌ಬಿ ಡಾಂಗಲ್ ಆದ್ರೆ ಎಲ್‌ಎಸ್‌ಯುಎಸ್‌ಬಿ ಅಂತ ಹೊಡೀರಿ. ಇಲ್ಲೊಂದು ಮಜಾ ಇದೆ. ಅಗ್ಗದ ರಿಯಲ್‌ಟೆಕ್ ಡಾಂಗಲ್‌ಗಳಲ್ಲಿ ಕೆಲವು ಚುಚ್ಚಿದ ತಕ್ಷಣ ತಾನು ವೈಫೈ ಅಂತ ಹೇಳ್ಕೊಳಲ್ಲ, ತಾನೊಂದು ಸಿಡಿ ಡ್ರೈವ್ ಅಂತ ಹೇಳ್ಕೊಳತ್ತೆ, ಯಾಕಂದ್ರೆ ವಿಂಡೋಸ್ ಡ್ರೈವರ್ ಅದ್ರೊಳಗೇ ತುಂಬ್ಸಿರ್ತಾರೆ. ಲಿಸ್ಟಲ್ಲಿ 0ಬಿಡಿಎ:1ಎ2ಬಿ ಅಂತ ಕಂಡ್ರೆ ಇದೇ ಕಥೆ. ಫೈಲ್ ಮ್ಯಾನೇಜರಲ್ಲಿ ಆ ಸಿಡಿನ ಇಜೆಕ್ಟ್ ಮಾಡಿ, ಮತ್ತೆ ಎಲ್‌ಎಸ್‌ಯುಎಸ್‌ಬಿ ಹೊಡೀರಿ, ನಂಬರ್ ಬದಲಾಗಿದ್ರೆ ಈಗ ಅದು ವೈಫೈ ಆಯ್ತು. ಪ್ರತಿ ಸಲ ಇದನ್ನ ಮಾಡೋಕೆ ಬೇಜಾರು ಅಂದ್ರೆ ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್ ಈ ಕೆಲಸಕ್ಕೇ ಇರೋದು.

ಎರಡ್ರಲ್ಲೂ ಕಾಣ್ತಿಲ್ಲ ಅಂದ್ರೆ ತೊಂದ್ರೆ ಲಿನಕ್ಸಿಂದಲ್ಲ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆಗೆಯೋ ಸೆಟ್ಟಿಂಗ್ ಸ್ಕ್ರೀನಿಗೆ) ಹೋಗಿ ಕಾರ್ಡ್ ಡಿಸೇಬಲ್ ಆಗಿದ್ಯಾ ನೋಡಿ, ಡೆಸ್ಕ್‌ಟಾಪ್ ಆದ್ರೆ ಕರೆಂಟ್ ತೆಗ್ದು ಕಾರ್ಡ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರ್ಸಿ. ಇನ್ನು ವಿಂಡೋಸ್ ಒಳಗೆ ವರ್ಚುವಲ್ ಬಾಕ್ಸಲ್ಲಿ ಲಿನಕ್ಸ್ ಹಾಕ್ಕೊಂಡು ವೈಫೈ ಎಲ್ಲಿ ಅಂತ ಹುಡುಕೋರೂ ಇದಾರೆ, ಅಲ್ಲಿ ವೈಫೈ ಕಾಣೋದೇ ಇಲ್ಲ, ಒಳಗಿನ ಲಿನಕ್ಸಿಗೆ ಒಂದು ನಕಲಿ ಇಂಟೆಲ್ ವೈರ್ಡ್ ಕಾರ್ಡ್ ತೋರಿಸ್ತಾರೆ ಅಷ್ಟೇ, ಅದ್ರಲ್ಲೇ ನೆಟ್ ಬರತ್ತೆ, ಬರ್ತಿದ್ರೆ ಸುಮ್ನಿರಿ.

ಡ್ರೈವರ್ ಹಿಡ್ಕೊಂಡಿದ್ಯಾ

ಅದೇ ಎಲ್‌ಎಸ್‌ಪಿಸಿಐ ಔಟ್‌ಪುಟಲ್ಲಿ ಕಾರ್ಡಿನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಒಂದು ಲೈನ್ ಇರ್ಬೇಕು, ಮುಂದೆ ಡ್ರೈವರ್ ಹೆಸರು. ಇಂಟೆಲ್ ವೈಫೈಗೆ ಐಡಬ್ಲ್ಯುಎಲ್‌ವೈಫೈ, ರಿಯಲ್‌ಟೆಕ್ ವೈರ್ಡ್ ಕಾರ್ಡಿಗೆ ಆರ್8169, ಹೀಗೆ. ಆ ಲೈನ್ ಇದ್ರೆ ಈ ಮೆಟ್ಟಿಲು ದಾಟಿದೀರ, ಮುಂದಕ್ಕೆ ಹೋಗಿ. ಇಲ್ಲ ಅಂದ್ರೆ ಇಲ್ಲೇ ನಿಲ್ಲಿ, ಬಿಗಿನರ್‌ಗಳು ಸಿಕ್ಕಾಕೊಳೋದು ಹೆಚ್ಚಾಗಿ ಇಲ್ಲೇ.

ಡ್ರೈವರ್ ಇಲ್ದಿರೋಕೆ ದೊಡ್ಡ ಕಾರಣ ಅಂದ್ರೆ ಲ್ಯಾಪ್‌ಟಾಪ್ ಹೊಸದು ಕರ್ನಲ್ ಹಳೇದು. ಲಿನಕ್ಸಲ್ಲಿ ಡ್ರೈವರ್‌ಗಳು ಕರ್ನಲ್ ಜೊತೆನೇ ಬರ್ತವೆ, ವಿಂಡೋಸ್ ತರ ಕಂಪನಿ ಸೈಟಿಗೆ ಹೋಗಿ ಸೆಟಪ್ ಫೈಲ್ ತರೋ ಅಭ್ಯಾಸ ಇಲ್ಲಿಲ್ಲ. ಯುನೇಮ್ -ಆರ್ ಅಂತ ಹೊಡೆದ್ರೆ ನಿಮ್ ಕರ್ನಲ್ ನಂಬರ್ ಬರತ್ತೆ. ಮೇಲೆ ಹೇಳಿದ 10ಇಸಿ:ಬಿ852 ತಗೊಳಿ, ಅದು ರಿಯಲ್‌ಟೆಕ್ ಆರ್‌ಟಿಎಲ್8852ಬಿಇ, ಕಮ್ಮಿ ರೇಟಿನ ಲ್ಯಾಪ್‌ಟಾಪಲ್ಲಿ ಬಹಳ ಕಾಣ್ಸೋ ಚಿಪ್ಪು. ಇದಕ್ಕೆ ಸಪೋರ್ಟ್ ಬಂದಿದ್ದು ಕರ್ನಲ್ 6.2ರಲ್ಲಿ. ಉಬುಂಟು 22.04 ಮೊದ್ಲು ಬಂದಿದ್ದು ಕರ್ನಲ್ 5.15 ಇಟ್ಕೊಂಡು, ಅದಕ್ಕೆ ಈ ಕಾರ್ಡಿನ ಪರಿಚಯನೇ ಇಲ್ಲ. 24.04 ಬಂದಿದ್ದು 6.8 ಜೊತೆ, ಅದನ್ನ ಹಾಕಿದ್ರೆ ಏನೂ ಮಾಡ್ದೆನೇ ವೈಫೈ ಬರತ್ತೆ. ಯಾರೋ ಹಳೇ ಪೆನ್‌ಡ್ರೈವಲ್ಲಿ ಇಟ್ಕೊಂಡಿದ್ದ 22.04ನೇ ಹಾಕ್ಕೊಟ್ಟು, ಆಮೇಲೆ ವಾರಗಟ್ಲೆ ಕಂಪೈಲ್ ಮಾಡ್ಕೊಂಡು ಕೂರೋದು ಯಾಕೆ ಹೇಳಿ. ಹೊಸ ಉಬುಂಟುನ ಪೆನ್‌ಡ್ರೈವಿಗೆ ಬರ್ದು ಇನ್‌ಸ್ಟಾಲ್ ಮಾಡ್ದೆ ಲೈವ್ ಆಗಿ ಬೂಟ್ ಮಾಡಿ ನೋಡಿ, ಅಲ್ಲಿ ವೈಫೈ ಬಂತು ಅಂದ್ರೆ ಉತ್ತರ ಸಿಕ್ಕಂಗೆ. 22.04ನೇ ಬೇಕು ಅಂತ ಹಟ ಇದ್ರೆ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-22.04 ಅನ್ನೋ ಪ್ಯಾಕೇಜ್ ಹಾಕಿ, ಅದೇ ಉಬುಂಟುಗೆ ಹೊಸ ಕರ್ನಲ್ ತಂದ್ಕೊಡತ್ತೆ. ಫೋನ್ ಟೆದರಿಂಗ್ ಮೊದ್ಲೇ ಮಾಡ್ಕೊಳಿ ಅಂದಿದ್ದು ಇದಕ್ಕೇ.

ಗಿಟ್‌ಹಬ್ಬಿಂದ ಡ್ರೈವರ್ ಸೋರ್ಸ್ ತಂದು ಮೇಕ್ (ಕಂಪೈಲ್ ಮಾಡೋ ಕಮಾಂಡ್) ಹೊಡಿಯೋ ಸಲಹೆ ಎಲ್ಲ ಕಡೆ ಸಿಗತ್ತೆ, ನಾನದನ್ನ ಕೊನೇ ದಾರಿ ಅಂತೀನಿ. ಡಿಕೆಎಂಎಸ್ (ಕರ್ನಲ್ ಬದಲಾದಾಗೆಲ್ಲ ಡ್ರೈವರನ್ನ ತಾನೇ ಮತ್ತೆ ಕಟ್ಟೋ ವ್ಯವಸ್ಥೆ) ಇಲ್ದೆ ಹಾಗೆ ಹಾಕಿದ್ರೆ ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ವೈಫೈ ಮತ್ತೆ ಮಾಯ ಆಗತ್ತೆ, ಆಗ ಏನ್ ಮಾಡಿದ್ವಿ ಅಂತ ನೆನಪೂ ಇರಲ್ಲ.

ಬ್ರಾಡ್‌ಕಾಮ್ ಇರೋರ ಕಥೆ ಸ್ವಲ್ಪ ಬೇರೆ, ಹಳೇ ಮ್ಯಾಕ್‌ಬುಕ್, ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಸಿಗತ್ತೆ. ಕೆಲವು ಮಾಡೆಲ್ಲಿಗೆ ಕಂಪನಿಯವ್ರೇ ಕೊಡೋ, ಸೋರ್ಸ್ ಬಿಡದ ಡ್ರೈವರೇ ಗತಿ. ಉಬುಂಟುಲಿ ಅಡಿಷನಲ್ ಡ್ರೈವರ್ಸ್ ಅನ್ನೋ ಕಿಟಕಿ ತೆಗೆದ್ರೆ ಅದೇ ಹೇಳತ್ತೆ, ಪ್ಯಾಕೇಜ್ ಹೆಸರು ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್. ಡೆಬಿಯನ್ನಲ್ಲಿ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್.

ಡ್ರೈವರ್ ಹಾಕಿದೆ ಅಂತಾರೆ, ರೀಸ್ಟಾರ್ಟೂ ಮಾಡಿದಾರೆ, ಆದ್ರೂ ಬಂದಿಲ್ಲ. ಇಂಥ ಕಡೆ ಸೆಕ್ಯೂರ್ ಬೂಟ್ (ಡಿಜಿಟಲ್ ಸಹಿ ಇಲ್ಲದ್ದನ್ನ ತಡೆಯೋ ಸೆಟ್ಟಿಂಗ್) ನೋಡಿ. ಎಂಒಕೆಯುಟಿಲ್ --ಎಸ್‌ಬಿ-ಸ್ಟೇಟ್ ಅಂತ ಹೊಡೆದ್ರೆ ಆನಾ ಆಫಾ ಹೇಳತ್ತೆ. ಆನ್ ಇದ್ರೆ ಹೊರಗಿಂದ ಹಾಕಿದ ಡ್ರೈವರನ್ನ ಕರ್ನಲ್ ಒಳಗೆ ಬಿಟ್ಕೊಳಲ್ಲ, ಅದಕ್ಕೆ ಸಹಿ ಬೇಕು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರತ್ತೆ ನೋಡಿ, ಅದೇ ಇದಕ್ಕೆ. ರೀಸ್ಟಾರ್ಟ್ ಆದ ತಕ್ಷಣ ನೀಲಿ ಸ್ಕ್ರೀನ್ ಬರತ್ತೆ, ಅದ್ರಲ್ಲಿ ಎನ್‌ರೋಲ್ ಎಂಒಕೆ ಅಂತ ಆರ್ಸಿ ಆ ಪಾಸ್‌ವರ್ಡ್ ಕೊಡ್ಬೇಕು. ಆ ಸ್ಕ್ರೀನು ಕೆಲವೇ ಸೆಕೆಂಡ್ ಇರತ್ತೆ, ಅಷ್ಟೊತ್ತಿಗೆ ಕಾಫಿ ತರೋಕೆ ಎದ್ದು ಹೋದ್ರೆ ಮುಗೀತು, ಮತ್ತೆ ಮೊದ್ಲಿಂದ.

ಫರ್ಮ್‌ವೇರ್

ಡ್ರೈವರ್ ಇದೆ, ಆದ್ರೂ ಐಪಿ ಲಿಂಕ್ ಅಂತ ಹೊಡೆದ್ರೆ ವೈಫೈ ಹೆಸರೇ ಇಲ್ಲ. ಆ ಲಿಸ್ಟಲ್ಲಿ ಎಲ್‌ಒ ಅನ್ನೋದನ್ನ ಬಿಟ್ಬಿಡಿ, ಅದು ಮಷೀನ್ ತನ್ನ ಜೊತೆ ತಾನೇ ಮಾತಾಡೋಕೆ. ಇಎನ್ ಇಂದ ಶುರುವಾಗೋದು ವೈರ್ಡು, ಡಬ್ಲ್ಯುಎಲ್ ಇಂದ ಶುರುವಾಗೋದು ವೈಫೈ. ಹಳೇ ಲೇಖನಗಳಲ್ಲಿ ಈಥ್0 ವ್ಲ್ಯಾನ್0 ಅಂತ ಇರತ್ತೆ, ನಿಮ್ ಮಷೀನಲ್ಲಿ ಆ ಹೆಸರು ಇಲ್ದಿದ್ರೆ ಗಾಬರಿ ಬೇಡ, ಕಾರ್ಡ್ ಯಾವ ಸ್ಲಾಟಲ್ಲಿದೆ ಅನ್ನೋದ್ರ ಮೇಲೆ ಈಗ ಹೆಸರಿಡ್ತಾರೆ.

ಡಬ್ಲ್ಯುಎಲ್ ಇಲ್ಲ ಅಂದ್ರೆ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಪದ) ಹಾಕಿ ಕರ್ನಲ್ ಲಾಗ್ ತೋರಿಸೋ ಡಿಎಂಇಎಸ್‌ಜಿ ಹೊಡೀರಿ, ಅದ್ರಲ್ಲಿ ಫರ್ಮ್‌ವೇರ್ ಅನ್ನೋ ಪದ ಹುಡುಕಿ. "ಫೇಲ್ಡ್ ವಿತ್ ಎರರ್ -2" ಅಂತ ಕಂಡ್ರೆ ಅರ್ಥ ಇಷ್ಟೇ, ಕೇಳಿದ ಫೈಲ್ ಡಿಸ್ಕಲ್ಲಿ ಇಲ್ಲ. ಆದ್ರೆ ಇಂಟೆಲ್ ಕಾರ್ಡಲ್ಲಿ ಈ ಸಾಲು ನೋಡಿ ಹೆದರ್ಕೋಬೇಡಿ, ಆ ಡ್ರೈವರ್ ತನಗೆ ಗೊತ್ತಿರೋ ಅತಿ ಹೊಸ ಫೈಲ್ ಮೊದ್ಲು ಕೇಳತ್ತೆ, ಇಲ್ಲ ಅಂದ್ರೆ ಒಂದೊಂದೇ ನಂಬರ್ ಇಳಿಸ್ಕೊಂಡು ಬರತ್ತೆ. ನಾಲ್ಕೈದು ಸಲ ಫೇಲ್ ಅಂತ ಬಂದು ಕೆಳಗೆ "ಲೋಡೆಡ್ ಫರ್ಮ್‌ವೇರ್" ಅಂತ ಬಂದಿದ್ರೆ ಎಲ್ಲ ಸರಿ ಇದೆ. ಎಲ್ಲಾ ಫೇಲ್ ಆಗಿ "ನೋ ಸೂಟಬಲ್ ಫರ್ಮ್‌ವೇರ್" ಅಂತ ನಿಂತಿದ್ರೆ ಮಾತ್ರ ತೊಂದ್ರೆ.

ಉಬುಂಟುಲಿ ಲಿನಕ್ಸ್-ಫರ್ಮ್‌ವೇರ್ ಅನ್ನೋ ಒಂದೇ ಪ್ಯಾಕೇಜಲ್ಲಿ ಹೆಚ್ಚುಕಮ್ಮಿ ಎಲ್ಲಾ ಇದೆ, ಅದನ್ನ ಅಪ್‌ಡೇಟ್ ಮಾಡಿ. ಡೆಬಿಯನ್ನಲ್ಲಿ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ, ಫರ್ಮ್‌ವೇರ್-ರಿಯಲ್‌ಟೆಕ್ ಹೀಗೆ ಬೇರೆ ಬೇರೆ. ಡೆಬಿಯನ್ 11 ತನಕ ಮಾಮೂಲಿ ಇನ್‌ಸ್ಟಾಲರಲ್ಲಿ ಈ ಫೈಲ್‌ಗಳನ್ನ ಇಡ್ತಿರ್ಲಿಲ್ಲ, ಸೋರ್ಸ್ ಸಿಗದ ಸಾಫ್ಟ್‌ವೇರ್ ಬೇಡ ಅನ್ನೋದು ಅವ್ರ ನಿಯಮ. 2022ರಲ್ಲಿ ವೋಟಿಂಗ್ ಆಗಿ, 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರಲ್ಲೇ ಬರತ್ತೆ. ಹಂಗಾಗಿ ಹಳೇ ಡೆಬಿಯನ್ ಸಿಡಿ ಇಟ್ಕೊಂಡು ಒದ್ದಾಡ್ಬೇಡಿ.

ರೇಡಿಯೋ ಆಫ್ ಆಗಿರೋದು

ವೈಫೈ ಹೆಸರು ಲಿಸ್ಟಲ್ಲಿದೆ, ಆನ್ ಮಾಡೋಕೆ ಹೋದ್ರೆ ಆಗ್ತಿಲ್ಲ. ಆರ್‌ಎಫ್‌ಕಿಲ್ ಲಿಸ್ಟ್ ಅಂತ ಹೊಡೀರಿ. ಸಾಫ್ಟ್ ಬ್ಲಾಕ್ಡ್ ಯೆಸ್ ಅಂದ್ರೆ ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ, ಆಯ್ತು. ಹಾರ್ಡ್ ಬ್ಲಾಕ್ಡ್ ಯೆಸ್ ಅಂದ್ರೆ ಯಾವ ಕಮಾಂಡೂ ಕೇಳಲ್ಲ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಸಣ್ಣ ಸ್ಲೈಡರ್ ಇದ್ಯಾ ನೋಡಿ, ಇಲ್ದಿದ್ರೆ ಎಫ್‌ಎನ್ ಜೊತೆ ಆಂಟೆನಾ ಅಥವಾ ಏರೋಪ್ಲೇನ್ ಚಿತ್ರದ ಕೀ ಒತ್ತಿ.

ವಿಂಡೋಸೂ ಲಿನಕ್ಸೂ ಎರಡೂ ಇಟ್ಕೊಂಡಿರೋರಿಗೆ ಇನ್ನೊಂದು ಕಾಟ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅಂದ್ರೂ ಅದು ಪೂರ್ತಿ ಶಟ್‌ಡೌನ್ ಆಗಲ್ಲ, ಅರ್ಧ ನಿದ್ದೆಗೆ ಹೋಗತ್ತೆ, ಕಾರ್ಡನ್ನೂ ಅರೆಬರೆ ಸ್ಥಿತೀಲಿ ಬಿಟ್ಟು ಹೋಗತ್ತೆ, ಆಮೇಲೆ ಲಿನಕ್ಸಿಗೆ ಬೂಟ್ ಮಾಡಿದ್ರೆ ಕಾರ್ಡ್ ಎದ್ದೇಳಲ್ಲ. "ನಿನ್ನೆ ಬರ್ತಿತ್ತು ಇವತ್ತು ಬರ್ತಿಲ್ಲ, ನಾನೇನೂ ಮಾಡಿಲ್ಲ" ಅನ್ನೋ ಕೇಸ್‌ಗಳಲ್ಲಿ ನಾನು ಮೊದ್ಲು ಕೇಳೋದೇ ಮಧ್ಯೆ ವಿಂಡೋಸಿಗೆ ಹೋಗಿದ್ರಾ ಅಂತ. ವಿಂಡೋಸಲ್ಲಿ ಕಂಟ್ರೋಲ್ ಪ್ಯಾನಲ್ಲಿನ ಪವರ್ ಆಪ್ಷನ್ಸಿಗೆ ಹೋಗಿ ಅದನ್ನ ಆಫ್ ಮಾಡಿ. ತಕ್ಷಣಕ್ಕೆ ಪರೀಕ್ಷೆ ಮಾಡ್ಬೇಕಂದ್ರೆ ವಿಂಡೋಸಿಂದ ಶಟ್‌ಡೌನ್ ಬದ್ಲು ರೀಸ್ಟಾರ್ಟ್ ಕೊಟ್ಟು ಲಿನಕ್ಸಿಗೆ ಬನ್ನಿ, ರೀಸ್ಟಾರ್ಟಲ್ಲಿ ಈ ಅರ್ಧ ನಿದ್ದೆ ಇರಲ್ಲ.

ಕೇಬಲ್ ಹಾಕಿದ್ರೂ ಬರ್ತಿಲ್ಲ ಅನ್ನೋರಿಗೆ

ಐಪಿ ಲಿಂಕ್ ಹೊಡೆದಾಗ ಇಎನ್ ಲೈನಲ್ಲಿ "ನೋ-ಕ್ಯಾರಿಯರ್" ಅಂತ ಇದ್ರೆ ಕಾರ್ಡಿಗೆ ಆ ಕಡೆ ತುದಿಯಿಂದ ಸಿಗ್ನಲ್ಲೇ ಬರ್ತಿಲ್ಲ. ಲಿನಕ್ಸಲ್ಲಿ ಮಾಡೋದೇನಿಲ್ಲ, ಪೋರ್ಟ್ ಪಕ್ಕದ ಲೈಟ್ ನೋಡಿ, ಕೇಬಲ್ ಬದಲಾಯ್ಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ.

ನಮ್ಮೂರಲ್ಲಿ ಈ ಕೇಬಲ್ ಬರೋ ದಾರಿ ನೋಡಿದ್ರೆ ನೆಟ್ ಬರೋದೇ ಆಶ್ಚರ್ಯ ಅನ್ಸತ್ತೆ, ಕರೆಂಟ್ ಕಂಬದಿಂದ ಮರಕ್ಕೆ, ಮರದಿಂದ ಪಕ್ಕದ್ಮನೆ ಟೆರೇಸಿಗೆ, ಅಲ್ಲಿಂದ ಇಳ್ಕೊಂಡು ಕಿಟಕಿ ಸಂದಿಯಿಂದ ಒಳಗೆ, ಕಿಟಕಿ ಮುಚ್ಚಿದಾಗೆಲ್ಲ ವೈರಿಗೆ ಒಂದು ಕಚ್ಚು. ಲಿಂಕ್ ಬರತ್ತೆ ಆದ್ರೆ ಸ್ಪೀಡ್ ಇಲ್ಲ ಅಂದ್ರೆ ಸುಡೋ ಈಥ್‌ಟೂಲ್ ಅಂತ ಹೊಡ್ದು ಮುಂದೆ ಕಾರ್ಡಿನ ಹೆಸರು ಹಾಕಿ. ಸ್ಪೀಡ್ ಅನ್ನೋ ಕಡೆ 1000 ಬರ್ಬೇಕಾದಲ್ಲಿ 100 ಅಂತ ಇದ್ರೆ, ಎರಡೂ ಕಡೆ ಗಿಗಾಬಿಟ್ ಪೋರ್ಟೇ ಆಗಿದ್ರೆ, ಅನುಮಾನ ಕೇಬಲ್ ಮೇಲೆ. 100ಕ್ಕೆ ಎಂಟರಲ್ಲಿ ನಾಲ್ಕೇ ತಂತಿ ಸಾಕು, 1000ಕ್ಕೆ ಎಂಟೂ ಬೇಕು, ಎಲ್ಲೋ ಒಂದು ತಂತಿ ಕಟ್ ಆಗಿರತ್ತೆ ಇಲ್ಲಾ ಕ್ರಿಂಪಿಂಗ್ (ಕನೆಕ್ಟರಿಗೆ ತಂತಿ ಒತ್ತಿ ಕೂರ್ಸೋದು) ಸರಿ ಇರಲ್ಲ. ಕೇಬಲ್ ತುದಿಯ ಆರ್‌ಜೆ45 ಕನೆಕ್ಟರನ್ನ ಬೆಳಕಿಗೆ ಹಿಡಿದು ಬಣ್ಣ ನೋಡಿ, ಲಾಕ್ ಕಡ್ಡಿ ಕೆಳಗಿರ್ಬೇಕು, ಚಿನ್ನದ ಬಣ್ಣದ ಪಿನ್ನು ಮೇಲೆ, ಎಡದಿಂದ ಆರೆಂಜ್-ವೈಟ್, ಆರೆಂಜ್, ಗ್ರೀನ್-ವೈಟ್, ಬ್ಲೂ, ಬ್ಲೂ-ವೈಟ್, ಗ್ರೀನ್, ಬ್ರೌನ್-ವೈಟ್, ಬ್ರೌನ್. ಎಂಟೂ ತಂತಿ ತುದಿ ತನಕ ಹೋಗಿ ಮುಟ್ಟಿರ್ಬೇಕು, ಒಂದು ಹಿಂದೆ ಉಳ್ದಿದ್ರೂ ಬಿಚ್ಚಿ ಮತ್ತೆ ಕ್ರಿಂಪ್ ಮಾಡ್ಸಿ.

ಏರಿಯಾದ ಕೇಬಲ್ ನೆಟ್ಟನ್ನ ರೂಟರ್ ಇಲ್ದೆ ನೇರ ಕಂಪ್ಯೂಟರಿಗೆ ಚುಚ್ಚೋರು ನೆಟ್ ಕೊಡೋರ ಹತ್ರ ಎರಡು ವಿಷ್ಯ ಕೇಳ್ಕೊಳಿ. ಪಿಪಿಪಿಒಇ ಲಾಗಿನ್ ಇದ್ಯಾ ಅನ್ನೋದು ಒಂದು, ಇದ್ರೆ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಡಿಎಸ್‌ಎಲ್ ಅಂತ ಕನೆಕ್ಷನ್ ಮಾಡಿ ಯೂಸರ್ ನೇಮ್ ಪಾಸ್‌ವರ್ಡ್ ಕೊಡ್ಬೇಕು, ಬರೀ ಚುಚ್ಚಿದ್ರೆ ಬರಲ್ಲ. ಇನ್ನೊಂದು, ಅವ್ರು ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ನಂಬರ್) ಲಾಕ್ ಮಾಡಿದಾರಾ. ಮಾಡಿದ್ರೆ ಮೊದ್ಲು ಯಾವ ಮಷೀನಿಗೆ ಕನೆಕ್ಷನ್ ಕೊಟ್ರೋ ಅದಕ್ಕೆ ಮಾತ್ರ ನೆಟ್ಟು, ಹೊಸ ಕಾರ್ಡ್ ಹಾಕಿದ್ರೆ ಫೋನ್ ಮಾಡಿ ಬದಲಾಯ್ಸಿ ಅನ್ಬೇಕು.

ಐಪಿ ಸಿಕ್ತು, ಆದ್ರೂ ಪೇಜ್ ತೆರೀತಿಲ್ಲ

ಎನ್‌ಎಂಸಿಎಲ್‌ಐ ಡಿವೈಸ್ ಅಂತ ಹೊಡೆದ್ರೆ ಪ್ರತಿ ಕಾರ್ಡಿನ ಸ್ಥಿತಿ ಒಂದೇ ಪದದಲ್ಲಿ ಬರತ್ತೆ. ಅನ್‌ಮ್ಯಾನೇಜ್ಡ್ ಅಂತ ಇದ್ರೆ ನೆಟ್‌ವರ್ಕ್ ಮ್ಯಾನೇಜರ್ (ಕನೆಕ್ಷನ್ ನೋಡ್ಕೊಳೋ ಪ್ರೋಗ್ರಾಂ) ಆ ಕಾರ್ಡಿನ ತಂಟೆಗೆ ಹೋಗ್ತಿಲ್ಲ ಅಂತ. ಡೆಬಿಯನ್ನಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಇಟಿಸಿ ಫೋಲ್ಡರಿನ ನೆಟ್‌ವರ್ಕ್ ಒಳಗಿರೋ ಇಂಟರ್‌ಫೇಸಸ್ ಫೈಲು, ಅಲ್ಲಿ ಕಾರ್ಡಿನ ಹೆಸರು ಬರ್ದಿದ್ರೆ ಮ್ಯಾನೇಜರ್ ಕೈ ಹಾಕಲ್ಲ, ಆ ಲೈನ್‌ಗಳ ಮುಂದೆ ಹ್ಯಾಶ್ ಹಾಕಿ ರೀಸ್ಟಾರ್ಟ್ ಮಾಡಿ.

ಕನೆಕ್ಟೆಡ್ ಅಂತ ಇದ್ರೆ ಪಿಂಗ್ (ಆ ಕಡೆಯಿಂದ ಉತ್ತರ ಬರತ್ತಾ ನೋಡೋ ಕಮಾಂಡ್) ಶುರು ಮಾಡಿ. ಐಪಿ ರೂಟ್ ಹೊಡೆದ್ರೆ ಡೀಫಾಲ್ಟ್ ವಯಾ ಅಂತ ಒಂದು ನಂಬರ್ ಬರತ್ತೆ, ಅದು ನಿಮ್ ರೂಟರು, ಅದಕ್ಕೆ ಪಿಂಗ್ ಮಾಡಿ. ಬಂತಾ, ಈಗ 8.8.8.8ಕ್ಕೆ (ಗೂಗಲ್‌ನ ಸರ್ವರ್) ಮಾಡಿ. ಅದೂ ಬಂತಾ, ಈಗ ಯಾವ್ದಾದ್ರೂ ವೆಬ್‌ಸೈಟ್ ಹೆಸರಿಗೆ. ಕೊನೇದೊಂದೇ ಬರ್ಲಿಲ್ಲ ಅಂದ್ರೆ ಡಿಎನ್‌ಎಸ್, ಕನೆಕ್ಷನ್ ಸೆಟ್ಟಿಂಗಿನ ಡಿಎನ್‌ಎಸ್ ಜಾಗದಲ್ಲಿ 1.1.1.1 (ಕ್ಲೌಡ್‌ಫ್ಲೇರಿನ ಡಿಎನ್‌ಎಸ್) ಹಾಕಿ ನೋಡಿ. ರೂಟರಿಗೆ ಬರತ್ತೆ 8.8.8.8ಕ್ಕೆ ಬರಲ್ಲ ಅಂದ್ರೆ ನಿಮ್ ಲಿನಕ್ಸ್ ತಪ್ಪಿತಸ್ಥ ಅಲ್ಲ, ನೆಟ್ ಕೊಡೋರಿಗೆ ಫೋನ್ ಮಾಡಿ. ಪೀಜಿಲಿರೋರಾದ್ರೆ ಲಾಗಿನ್ ಪೇಜ್ ಇರ್ಬಹುದು, ಬ್ರೌಸರಲ್ಲಿ ಆ ರೂಟರ್ ನಂಬರ್ರೇ ಟೈಪ್ ಮಾಡಿ ನೋಡಿ.

ಪಿಂಗ್ ಎಲ್ಲಾ ಬರತ್ತೆ, ಬ್ರೌಸರ್ ಮಾತ್ರ ಪ್ರತಿ ಸೈಟಿಗೂ ಸರ್ಟಿಫಿಕೇಟ್ ಎರರ್ ಕೊಡ್ತಿದ್ರೆ ಕಂಪ್ಯೂಟರಿನ ಗಡಿಯಾರ ನೋಡಿ, ತಾರೀಕು ತಪ್ಪಿದ್ರೆ ಸೈಟಿನ ಸರ್ಟಿಫಿಕೇಟ್ ಅವಧಿ ಹೊಂದಲ್ಲ. ಹಳೇ ಡೆಸ್ಕ್‌ಟಾಪಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಕು ವರ್ಷಗಟ್ಲೆ ಹಿಂದಕ್ಕೆ ಹೋಗಿರತ್ತೆ.

ಕಾರ್ಡೇ ಬದಲಾಯ್ಸೋಣ ಅಂತ ಬೆಂಗಳೂರಲ್ಲಿ ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೊರಟ್ರೆ

ಲಿನಕ್ಸಿಗೆ ಆಗತ್ತಾ ಅಂತ ಅಂಗಡಿಯವ್ರನ್ನ ಕೇಳಿದ್ರೆ "ಎಲ್ಲಾದಕ್ಕೂ ಆಗತ್ತೆ ಸಾರ್" ಅಂತಾರೆ, ಅದಕ್ಕೇ ಚಿಪ್ ನಂಬರ್ ನೀವೇ ಕೇಳಿ ತಗೊಳಿ. ಡಾಂಗಲ್ಲಿನ ಮಾಡೆಲ್ ಹೆಸರು ಸಾಕಾಗಲ್ಲ, ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ಅನ್ನೋದ್ರಲ್ಲೇ ವರ್ಷನ್ 1ರಲ್ಲಿ ಅಥೆರೋಸ್ ಚಿಪ್ಪು, 2 ಮತ್ತೆ 3ರಲ್ಲಿ ರಿಯಲ್‌ಟೆಕ್, ಡಬ್ಬ ಮಾತ್ರ ಒಂದೇ ತರ. ಲ್ಯಾಪ್‌ಟಾಪ್ ಒಳಗಿನ ಕಾರ್ಡ್ ಬದಲಾಯ್ಸೋರು ಇಂಟೆಲ್ ಎಎಕ್ಸ್201, ಎಎಕ್ಸ್211 ಕಮ್ಮಿಗೆ ಸಿಕ್ತು ಅಂತ ತರ್ಬೇಡಿ, ಅವು ಸಿಎನ್‌ವಿಐ ಕಾರ್ಡು, ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆಯಿಂದ ಆಗ್ಬೇಕು, ಎಎಂಡಿ ಲ್ಯಾಪ್‌ಟಾಪಲ್ಲಿ ಕೂರತ್ತೆ ಆದ್ರೆ ಕೆಲಸ ಮಾಡಲ್ಲ. ಎಎಕ್ಸ್210 ತಗೊಳಿ, ಅದು ಪೂರ್ತಿ ಕಾರ್ಡು, ಕರ್ನಲ್ 5.10ರಿಂದ ಆಚೆಗೆ ಸಪೋರ್ಟ್ ಇದೆ.

ಇಷ್ಟೆಲ್ಲಾ ನೋಡಿನೂ ಗೊತ್ತಾಗ್ಲಿಲ್ಲ ಅಂತ ಯಾರನ್ನಾದ್ರೂ ಕೇಳೋಕೆ ಹೋದಾಗ ಎಲ್‌ಎಸ್‌ಪಿಸಿಐಯಲ್ಲಿ ನಿಮ್ ಕಾರ್ಡಿನ ನಾಲ್ಕು ಲೈನು, ಯುನೇಮ್, ಆರ್‌ಎಫ್‌ಕಿಲ್, ಡಿಎಂಇಎಸ್‌ಜಿಯ ಫರ್ಮ್‌ವೇರ್ ಲೈನುಗಳು, ಎನ್‌ಎಂಸಿಎಲ್‌ಐ ಇಷ್ಟನ್ನೂ ಕಾಪಿ ಮಾಡಿ ಟೆಕ್ಸ್ಟಾಗಿ ಕೊಡಿ, ಮೊಬೈಲಲ್ಲಿ ಸ್ಕ್ರೀನಿನ ಫೋಟೋ ಸೊಟ್ಟಕ್ಕೆ ಹಿಡಿದು ಕಳಿಸ್ಬೇಡಿ, ಆ ನಂಬರ್‌ಗಳನ್ನ ಕಣ್ಣು ಕಿರಿದು ಮಾಡ್ಕೊಂಡು ಓದೋದ್ರಲ್ಲಿ 8 ಬಿ ಆಗತ್ತೆ, ಬಿ 8 ಆಗತ್ತೆ. ಕಳ್ಸೋ ಮುಂಚೆ ಮ್ಯಾಕ್ ಅಡ್ರೆಸ್ಸೂ ವೈಫೈ ಹೆಸರೂ ಇದ್ರೆ ಅಳಿಸ್ಬಿಡಿ.